ವಾರಕ್ಕೊಂದು ಸೂಜಿ, ಅರ್ಧ ಮುದ್ದೆ

ತೂಕ ಇಳಿಸೋ ಇಂಜೆಕ್ಷನ್ ಬಗ್ಗೆ ಈಗ ಯಾರು ಸಿಕ್ಕರೂ ಕೇಳುತ್ತಾರೆ. ಬ್ಯಾಂಕಿನ ಕೌಂಟರಿನಲ್ಲಿ ಚಲನ್ ಕೊಡುವಾಗಲೂ, "ಏನ್ ಮೇಡಂ, ಅರ್ಧ ಆಗ್ಬಿಟ್ರಿ, ಅದೇನಾ ಸೂಜಿ?" ಅಂತಾರೆ. ಒಬ್ಬೊಬ್ಬರಿಗೆ ಒಂದೊಂದು ತುಂಡು ಹೇಳೋದಕ್ಕಿಂತ ಪೂರ್ತಿ ಬರೆದುಬಿಡೋಣ ಅಂತ ಕೂತಿದ್ದೇನೆ. ನಾನು ಡಾಕ್ಟರ್ ಅಲ್ಲ. ಮಂಡ್ಯದಲ್ಲಿ ಬ್ಯಾಂಕ್ ಕೆಲಸ, ಲೆಕ್ಕ ನೋಡೋದು ಅಭ್ಯಾಸ. ಹಾಗಾಗಿ ಇದರಲ್ಲಿ ನನ್ನ ಕಥೆ ಎಷ್ಟಿದೆಯೋ ಲೆಕ್ಕವೂ ಅಷ್ಟೇ ಇದೆ, ಬೇಜಾರು ಮಾಡ್ಕೋಬೇಡಿ.

ಶುರು ಮಾಡುವಾಗ ನನ್ನ ತೂಕ 91 ಕೆಜಿ. ಎತ್ತರ 158 ಸೆಂಟಿಮೀಟರ್. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 36 ದಾಟಿತ್ತು. ನಮ್ಮ ಕಡೆಯವರಿಗೆ 23 ದಾಟಿದರೇ ತೂಕ ಜಾಸ್ತಿ ಅಂತಾರೆ, 25 ದಾಟಿದರೆ ಬೊಜ್ಜು. ಕಡಿಮೆ ತೂಕಕ್ಕೇ ನಮಗೆ ಹೊಟ್ಟೆ ಸುತ್ತ ಕೊಬ್ಬು ಕೂರುತ್ತೆ, ಶುಗರ್ ಕೂಡ ಬೇಗ ಬರುತ್ತೆ. ನನಗೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋ ರಕ್ತಪರೀಕ್ಷೆ) 6.3 ಬಂದಿತ್ತು, 6.5 ಆದರೆ ಶುಗರ್ ಅಂತಲೇ ಬರೆದುಕೊಡುತ್ತಾರೆ. ಲಿವರಿನಲ್ಲಿ ಕೊಬ್ಬು, ಮೆಟ್ಟಿಲು ಹತ್ತಿದರೆ ಮಂಡಿ ನೋವು. ಬೆಳಿಗ್ಗೆ ವಾಕಿಂಗು, ರಾತ್ರಿ ಬರೀ ಸೌತೆಕಾಯಿ, ಬಿಸಿನೀರಿಗೆ ಜೇನುತುಪ್ಪ, ಜೀರಿಗೆ ಕಷಾಯ, ಯಾವುದನ್ನೂ ಬಿಟ್ಟಿರಲಿಲ್ಲ. ಐದಾರು ಕೆಜಿ ಇಳಿಯೋದು, ಹಬ್ಬ ಬರೋದು, ಎಂಟು ಕೆಜಿ ಏರೋದು.

2025ರ ಮಾರ್ಚಿನಲ್ಲಿ ಎಲಿ ಲಿಲ್ಲಿ ಕಂಪನಿಯ ಟಿರ್ಜೆಪಟೈಡ್ ಮೌಂಜಾರೊ ಅನ್ನೋ ಹೆಸರಲ್ಲಿ ಭಾರತಕ್ಕೆ ಬಂತು. ಜೂನಿನಲ್ಲಿ ನೊವೊ ನಾರ್ಡಿಸ್ಕ್‌ನವರ ಸೆಮಗ್ಲುಟೈಡ್, ಅಂದರೆ ವೆಗೋವಿ, ಬಂತು. ಟಿವಿಯಲ್ಲಿ ಚರ್ಚೆ, ವಾಟ್ಸಾಪಿನಲ್ಲಿ ಜೋಕು. ನಾನು ಮೈಸೂರಿಗೆ ಹೋಗಿ ಹಾರ್ಮೋನ್ ಡಾಕ್ಟರ್ ಒಬ್ಬರನ್ನು ಕಂಡೆ. ಮೊದಲ ದಿನ ಅವರು ಚೀಟಿ ಬರೆಯಲೇ ಇಲ್ಲ. ಕೇಳಿದ್ದೇ ಕೇಳಿದ್ದು. ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಆಗಿತ್ತಾ? ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಊದಿಕೊಂಡು ಆಸ್ಪತ್ರೆ ಸೇರಿದ್ದುಂಟಾ? ಪಿತ್ತಕೋಶದಲ್ಲಿ ಕಲ್ಲಿದೆಯಾ? ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದೀರಾ? ಥೈರಾಯ್ಡ್ ವಿಷಯ ಯಾಕೆ ಅಂದರೆ, ಇಲಿಗಳಿಗೆ ಈ ಜಾತಿಯ ಔಷಧಿ ಕೊಟ್ಟಾಗ ಥೈರಾಯ್ಡ್‌ನಲ್ಲಿ ಒಂದು ಬಗೆಯ ಗಡ್ಡೆ ಕಂಡಿತ್ತಂತೆ, ಅದಕ್ಕೇ ಔಷಧಿಯ ಮಾಹಿತಿ ಹಾಳೆಯಲ್ಲಿ ಎಚ್ಚರಿಕೆ ಹಾಕಿರುತ್ತಾರೆ. ಮಾತ್ರೆ ವಿಷಯ ಯಾಕೆ ಅಂದರೆ, ಹೊಟ್ಟೆ ನಿಧಾನವಾಗಿ ಖಾಲಿಯಾಗೋದರಿಂದ ಆ ಮಾತ್ರೆ ಸರಿಯಾಗಿ ಹಿಡಿಯದೇ ಹೋಗಬಹುದು. ಇದನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳಲ್ಲ, ನೋಡಿ. ವಯಸ್ಸಿನ ಹೆಣ್ಣುಮಕ್ಕಳು ತಗೊಳ್ಳೋದಾದರೆ ದಯವಿಟ್ಟು ಕೇಳಿ ತಿಳ್ಕೊಳ್ಳಿ.

ಔಷಧಿ ಹೇಗೆ ಕೆಲಸ ಮಾಡುತ್ತೆ ಅಂತ ಕೇಳಿದೆ. ಅವರು ಪ್ಯಾಡಿನ ಹಿಂದೆ ಒಂದು ಹೊಟ್ಟೆ, ಒಂದು ತಲೆ ಬರೆದು ಹೇಳಿದರು. ಉಳಿದದ್ದನ್ನು ನಾನೇ ಆಮೇಲೆ ಓದಿಕೊಂಡೆ.

ನಾವು ಉಂಡಾಗ ಸಣ್ಣ ಕರುಳಿನ ಕೆಳಭಾಗದ ಕೆಲವು ಕೋಶಗಳು ಜಿಎಲ್‌ಪಿ-1 ಅನ್ನೋ ಹಾರ್ಮೋನ್ ಬಿಡುತ್ತವೆ. ಅದು ರಕ್ತದಲ್ಲಿ ಸಕ್ಕರೆ ಏರಿದ್ದರೆ ಮಾತ್ರ ಪ್ಯಾಂಕ್ರಿಯಾಸ್‌ನಿಂದ ಇನ್ಸುಲಿನ್ ಬಿಡಿಸುತ್ತೆ, ಹೊಟ್ಟೆಯಿಂದ ಊಟ ಕೆಳಗಿಳಿಯೋದನ್ನು ನಿಧಾನ ಮಾಡುತ್ತೆ, ಮೆದುಳಿಗೆ ಸಾಕು ಅಂತ ಸುದ್ದಿ ಮುಟ್ಟಿಸುತ್ತೆ. ಆದರೆ ಅದರ ಆಯಸ್ಸು ಒಂದೆರಡು ನಿಮಿಷ ಅಷ್ಟೇ. ಡಿಪಿಪಿ-4 ಅನ್ನೋ ಎಂಜೈಮ್ ಅದನ್ನು ಕತ್ತರಿಸಿ ಹಾಕುತ್ತೆ. ಹಾಗಾಗಿ ಅದನ್ನೇ ತಂದು ಚುಚ್ಚಿದರೆ ಪ್ರಯೋಜನ ಇಲ್ಲ. ಇದಕ್ಕೆ ದಾರಿ ಸಿಕ್ಕಿದ್ದು ಒಂದು ಹಲ್ಲಿಯಿಂದ! ಅಮೆರಿಕದ ಮರಳುಗಾಡಿನಲ್ಲಿ ಗಿಲಾ ಮಾನ್ಸ್ಟರ್ ಅಂತ ಒಂದು ವಿಷದ ಹಲ್ಲಿ ಇದೆ. 1990ರ ದಶಕದ ಶುರುವಿನಲ್ಲಿ ಜಾನ್ ಎಂಗ್ ಅನ್ನೋ ಡಾಕ್ಟರ್ ಅದರ ವಿಷದಲ್ಲಿ ಜಿಎಲ್‌ಪಿ-1 ಥರದ್ದೇ ಒಂದು ಪದಾರ್ಥ ಕಂಡುಹಿಡಿದರು, ಅದು ಅಷ್ಟು ಬೇಗ ಒಡೆಯುವುದಿಲ್ಲ. ಅದರ ಜಾಡಿನಲ್ಲಿ 2005ರಲ್ಲಿ ಎಕ್ಸೆನಟೈಡ್ ಅನ್ನೋ ಶುಗರ್ ಔಷಧಿ ಬಂತು. ನನ್ನ ಮಗಳಿಗೆ ಇದನ್ನು ಹೇಳಿದ್ದೇ ತಪ್ಪಾಯಿತು, ಅವತ್ತಿನಿಂದ ಫ್ರಿಜ್ಜಿನಲ್ಲಿರೋ ಡಬ್ಬಿಗೆ "ಅಮ್ಮನ ಹಲ್ಲಿ" ಅಂತಲೇ ಹೆಸರು. ನನ್ನ ಔಷಧಿಯಲ್ಲಿ ಹಲ್ಲಿಯದ್ದೇನೂ ಇಲ್ಲ ಅಂದರೂ ಕೇಳಲ್ಲ.

ನನಗೆ ಬರೆದುಕೊಟ್ಟಿದ್ದು ಟಿರ್ಜೆಪಟೈಡ್, ಅದರಲ್ಲಿ ಎರಡು ಕೆಲಸ ಇದೆ. ಜಿಎಲ್‌ಪಿ-1 ಜೊತೆಗೆ ಜಿಐಪಿ ಅನ್ನೋ ಇನ್ನೊಂದು ಕರುಳಿನ ಹಾರ್ಮೋನಿನ ಬಾಗಿಲನ್ನೂ ಅದು ತಟ್ಟುತ್ತೆ. ಅದಕ್ಕೆ ಉದ್ದನೆಯ ಕೊಬ್ಬಿನ ಸರಪಳಿಯೊಂದನ್ನು ಜೋಡಿಸಿದ್ದಾರೆ, ಅದು ರಕ್ತದಲ್ಲಿರೋ ಆಲ್ಬುಮಿನ್ ಅನ್ನೋ ಪ್ರೋಟೀನ್‌ಗೆ ಅಂಟಿಕೊಂಡು ಓಡಾಡುತ್ತೆ. ಅರ್ಧ ಕರಗಲು ಐದು ದಿನ ಬೇಕು, ಅದಕ್ಕೇ ವಾರಕ್ಕೊಂದು ಸೂಜಿ ಸಾಕು. ಹಸಿವಿನ ವಿಷಯ ನಡೆಯೋದು ಮುಖ್ಯವಾಗಿ ಮೆದುಳಿನ ಹೈಪೊಥಲಮಸ್‌ನಲ್ಲಿ ಮತ್ತು ತಲೆಯ ಹಿಂಭಾಗದ ಕೆಳಗಿರೋ ಒಂದು ಭಾಗದಲ್ಲಿ. ಆ ಹಿಂಭಾಗದಲ್ಲೇ ವಾಂತಿಯ ಕೇಂದ್ರವೂ ಇದೆ. ಹಸಿವು ಇಳಿಯೋದು, ಹೊಟ್ಟೆ ತೊಳಸೋದು ಒಟ್ಟೊಟ್ಟಿಗೆ ಬರೋದು ಯಾಕೆ ಅಂತ ಅದನ್ನು ಓದಿದ ಮೇಲೆ ಗೊತ್ತಾಯಿತು.

ಮೊದಲ ನಾಲ್ಕು ವಾರ 2.5 ಮಿಲಿಗ್ರಾಂ. ಇದು ತೂಕ ಇಳಿಸೋಕೆ ಕೊಡೋದಲ್ಲ, ಮೈಗೆ ಒಗ್ಗಿಸೋಕೆ. ಆಮೇಲೆ 5. ಬೇಕಾದರೆ ಒಂದೊಂದು ಡೋಸಿನಲ್ಲೂ ಕಮ್ಮಿ ಅಂದರೂ ನಾಲ್ಕು ವಾರ ಕಳೆದ ಮೇಲೆ 7.5, 10, ಹೀಗೆ 15ರವರೆಗೆ. ನಾನು ತಗೊಂಡಿದ್ದು ಸಣ್ಣ ಗಾಜಿನ ಶೀಷೆ, ಒಳಗೆ ಅರ್ಧ ಎಂಎಲ್ ನೀರಿನ ಥರ ಬಣ್ಣ ಇಲ್ಲದ ಔಷಧಿ. ಇನ್ಸುಲಿನ್ ಸಿರಿಂಜಿನಲ್ಲಿ ಮೊದಲು ಗಾಳಿ ಎಳೆದು ಶೀಷೆಗೆ ಬಿಡಬೇಕು, ಶೀಷೆ ತಲೆಕೆಳಗು ಮಾಡಿ 50ರ ಗೆರೆವರೆಗೆ ಔಷಧಿ ಎಳೆಯಬೇಕು, ಗುಳ್ಳೆ ಬಂದರೆ ಬೆರಳಿನಿಂದ ತಟ್ಟಿ ಮೇಲೆ ಕಳಿಸಬೇಕು. ಹೊಕ್ಕುಳಿಂದ ಸ್ವಲ್ಪ ದೂರ ಚರ್ಮ ಹಿಡಿದು ಚುಚ್ಚೋದು. ನೋವು ಅಂತ ಏನಿಲ್ಲ, ಸೊಳ್ಳೆ ಕಚ್ಚೋದೇ ಜಾಸ್ತಿ. ನಮ್ಮನೆಯವರು ಪಕ್ಕದಲ್ಲಿ ನಿಂತು ಧೈರ್ಯ ಹೇಳ್ತೀನಿ ಅಂದವರು ಸೂಜಿ ಕಂಡೊಡನೆ ಹಾಲಿಗೆ ಹೋಗಿ ಪೇಪರ್ ಹಿಡಿದು ಕೂತರು. ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಫ್ರೀಜರಿಗೆ ಹಾಕಬಾರದು. ಹೊರಗೆ 30 ಡಿಗ್ರಿ ಮೀರದ ಕಡೆ 21 ದಿನ ತಡೆಯುತ್ತೆ. ಮಂಡ್ಯದ ಏಪ್ರಿಲ್‌ನಲ್ಲಿ ಕರೆಂಟ್ ಹೋದರೆ ಆ 30 ಡಿಗ್ರಿಯನ್ನು ಎಲ್ಲಿಂದ ತರೋಣ ಹೇಳಿ.

ಮೊದಲ ಡೋಸಿನ ಎರಡನೇ ದಿನ ಏನೋ ಕಮ್ಮಿ ಅನ್ನಿಸಿತು. ಏನಂತ ತಿಳಿಯೋಕೆ ಸ್ವಲ್ಪ ಹೊತ್ತು ಬೇಕಾಯಿತು. ಸಾಮಾನ್ಯವಾಗಿ ಹನ್ನೊಂದು ಗಂಟೆಗೆ ನನ್ನ ತಲೆಯೊಳಗೆ ಶುರುವಾಗುತ್ತೆ: ಕೆಳಗಡೆ ಬೇಕರಿಯಲ್ಲಿ ಬಿಸಿ ಪಫ್ ಬಂದಿರುತ್ತೆ, ಡ್ರಾಯರಿನಲ್ಲಿ ಕೋಡುಬಳೆ ಇದೆ, ಮಧ್ಯಾಹ್ನಕ್ಕೆ ಏನಿದೆ, ಸಂಜೆ ರೈಲು ಇಳಿದವರು ಯಾರಾದರೂ ಮದ್ದೂರು ವಡೆ ತರುತ್ತಾರಾ. ಹಸಿವು ಇರಲಿ ಬಿಡಲಿ, ಇದು ನಡೀತಾನೇ ಇರುತ್ತೆ. ಅವತ್ತು ಅದು ನಿಂತಿತ್ತು. ಎಷ್ಟೋ ವರ್ಷದಿಂದ ಪಕ್ಕದ ಮನೆಯಲ್ಲಿ ಜೋರಾಗಿ ಹಾಕಿಟ್ಟಿದ್ದ ಟಿವಿಯನ್ನು ಯಾರೋ ಆಫ್ ಮಾಡಿದ ಹಾಗೆ. ಸತ್ಯ ಹೇಳ್ತೀನಿ, ನನಗೆ ಖುಷಿಗಿಂತ ಮೊದಲು ಸಿಟ್ಟು ಬಂತು. ತೆಳ್ಳಗಿರೋ ನನ್ನ ನಾದಿನಿ "ಬಾಯಿ ಕಟ್ಟಬೇಕು ಅತ್ತಿಗೆ, ಅಷ್ಟೇ" ಅಂತ ವರ್ಷಗಟ್ಟಲೆ ಹೇಳಿದ್ದಳು. ಅವಳ ತಲೆಯೊಳಗೆ ಈ ಟಿವಿ ಇರಲೇ ಇಲ್ಲ, ಅಲ್ವಾ? ಇಲ್ಲದ್ದನ್ನು ಆಫ್ ಮಾಡೋಕೆ ಯಾವ ಬಾಯಿ ಕಟ್ಟಬೇಕು?

ತೊಂದರೆ ಆಗಿದ್ದು ಅತ್ತೆಯವರಿಗೆ. ಅವರು ಕಟ್ಟೋ ಮುದ್ದೆ ನಮ್ಮ ಬೀದಿಗೇ ಹೆಸರುವಾಸಿ, ಗಂಟಿಲ್ಲದೆ, ಬೆರಳಿಟ್ಟರೆ ಹೊಳೆಯೋ ಹಾಗಿರುತ್ತೆ. ಅದರ ಜೊತೆ ಹುರುಳಿಕಾಳಿನ ಬಸ್ಸಾರು. ಅರ್ಧ ಮುದ್ದೆ ತಟ್ಟೆಯಲ್ಲಿ ಉಳಿಯಿತು. ತಟ್ಟೆ ನೋಡಿದರು, ನನ್ನ ಮುಖ ನೋಡಿದರು. "ಇದ್ಯಾಕವ್ವ ಮುದ್ದೆ ಬುಟ್ಟೆ? ಉಪ್ಪು ಕಮ್ಮಿ ಆಯ್ತಾ?" ಇಲ್ಲ ಅತ್ತೆ, ಹೊಟ್ಟೆ ತುಂಬಿತು ಅಂದೆ. "ಅರ್ಧ ಮುದ್ದೆಗೆ ಯಾರ ಹೊಟ್ಟೆ ತುಂಬ್ತದೆ, ಕೂಸಿಗಾ?" ಸೂಜಿ ವಿಷಯ ಹೇಳಿದ ಮೇಲೆ ಇನ್ನೂ ಗಾಬರಿಯಾದರು, ಹಸಿವು ಸಾಯೋದು ಅಂದರೆ ಅವರ ಲೆಕ್ಕದಲ್ಲಿ ರೋಗಿಗೆ ಕೊನೇ ಕಾಲ ಬಂತು ಅಂತ. ಈಗ ನನಗೆ ಅಂತಲೇ ಒಂದು ಪುಟಾಣಿ ಮುದ್ದೆ ಕಟ್ಟುತ್ತಾರೆ, ಕಟ್ಟುವಾಗ ಗೊಣಗುತ್ತಾರೆ.

5 ಮಿಲಿಗ್ರಾಂಗೆ ಏರಿದ ವಾರಗಳು ಚೆನ್ನಾಗಿರಲಿಲ್ಲ. ಎಣ್ಣೆ ಪದಾರ್ಥ ಕಂಡರೆ ಹೊಟ್ಟೆ ತೊಳಸುತ್ತಿತ್ತು. ಊರಿನಲ್ಲಿ ಮಾರಿಹಬ್ಬದ ಬಾಡೂಟಕ್ಕೆ ಹೋಗಿ ನಾಲ್ಕು ತುಂಡು ತಿಂದು ಬಂದೆ, ರಾತ್ರಿಯೆಲ್ಲ ಕೊಳೆತ ಮೊಟ್ಟೆ ವಾಸನೆಯ ತೇಗು. ಮಲಬದ್ಧತೆ ಬೇರೆ. ಡಾಕ್ಟರ್ ಇದಕ್ಕೆ ಆಶ್ಚರ್ಯ ಪಡಲಿಲ್ಲ. ಸ್ವಲ್ಪ ಸ್ವಲ್ಪ ತಿನ್ನಿ, ಹೊಟ್ಟೆ ತುಂಬಿತು ಅನ್ನೋದಕ್ಕೆ ಮೊದಲೇ ಏಳಿ, ನೀರು ಕುಡಿಯಿರಿ, ಬೆನ್ನಿಗೆ ಹೋಗೋ ಹಾಗೆ ಹೊಟ್ಟೆನೋವು ಬಂದರೆ ಮಾತ್ರ ಕಾಯದೆ ಬನ್ನಿ, ಅದು ಪ್ಯಾಂಕ್ರಿಯಾಸ್ ಇರಬಹುದು ಅಂದರು. ನನಗೆ ಅದು ಬರಲಿಲ್ಲ. ತೊಳಸೋದು ಒಂದೆರಡು ತಿಂಗಳಲ್ಲಿ ತಾನಾಗೇ ಇಳಿಯಿತು.

ಈಗ ಲೆಕ್ಕಕ್ಕೆ ಬರೋಣ. ಟಿರ್ಜೆಪಟೈಡ್‌ನ ದೊಡ್ಡ ಪರೀಕ್ಷೆಯ ಹೆಸರು ಸರ್ಮೌಂಟ್-1, 2022ರಲ್ಲಿ ಪ್ರಕಟವಾಯಿತು. ಶುಗರ್ ಇಲ್ಲದ, ದಪ್ಪಗಿರೋ 2,539 ಜನ, 72 ವಾರ. ಯಾರಿಗೆ ಔಷಧಿ, ಯಾರಿಗೆ ಏನೂ ಇಲ್ಲದ ಸೂಜಿ ಅಂತ ಚುಚ್ಚಿಸಿಕೊಂಡವರಿಗೂ ಗೊತ್ತಿಲ್ಲ, ನೋಡಿಕೊಂಡವರಿಗೂ ಗೊತ್ತಿಲ್ಲ. ಎಲ್ಲರಿಗೂ ಊಟ, ವ್ಯಾಯಾಮದ ಸಲಹೆ ಒಂದೇ. ಕೊನೆಗೆ 5 ಮಿಲಿಗ್ರಾಂನವರು ಸರಾಸರಿ ನೂರಕ್ಕೆ 15ರಷ್ಟು ತೂಕ ಇಳಿಸಿದರು, 10ರವರು 19.5, 15ರವರು 20.9. ಬರೀ ಸೂಜಿಯವರು 3.1. ಸಲಹೆ ಒಂದರಿಂದಲೇ ಎಷ್ಟು ಇಳಿಯುತ್ತೆ ಅನ್ನೋದಕ್ಕೆ ಆ 3.1 ನೋಡಿ. ನನ್ನ ಜೇನುತುಪ್ಪ, ಸೌತೆಕಾಯಿ ವರ್ಷಗಳೆಲ್ಲ ಅದರೊಳಗೇ ಇವೆ.

ಸರಾಸರಿ ಅಂದರೆ ಎಲ್ಲರಿಗೂ ಅಷ್ಟೇ ಅಂತ ಅಲ್ಲ. 15 ಮಿಲಿಗ್ರಾಂ ತಗೊಂಡವರಲ್ಲೂ ನೂರಕ್ಕೆ ಒಂಬತ್ತು ಜನಕ್ಕೆ ನೂರಕ್ಕೆ 5ರಷ್ಟೂ ಇಳಿಯಲಿಲ್ಲ. ಶುಗರ್ ಇರೋರಿಗೆ ಬೇರೆ ಪರೀಕ್ಷೆ ಮಾಡಿದರು, ಅದರಲ್ಲಿ 15 ಮಿಲಿಗ್ರಾಂಗೂ ಇಳಿದಿದ್ದು 14.7 ಮಾತ್ರ. ನಮ್ಮ ಭಾವನಿಗೆ ಶುಗರ್ ಇದೆ, ಇದೇ ಔಷಧಿ ತಗೊಂಡು "ನಿಂಗೆ ಇಳೀತು, ನಂಗ್ಯಾಕೆ ಇಳೀಲಿಲ್ಲ" ಅಂತ ಕೇಳ್ತಿದ್ದರು, ಈ ಅಂಕಿ ತೋರಿಸಿದ ಮೇಲೆ ಸ್ವಲ್ಪ ಸಮಾಧಾನ ಆಯಿತು. ಇನ್ನೊಂದು ಮಾತು. ಸರ್ಮೌಂಟ್-1ರಲ್ಲಿ ಇದ್ದವರಲ್ಲಿ ನೂರಕ್ಕೆ 70 ಜನ ಬಿಳಿಯರು. ಪರೀಕ್ಷೆಗೆ ದುಡ್ಡು ಹಾಕಿದ್ದು ಮಾರೋ ಕಂಪನಿಯೇ. ಸುಳ್ಳು ಅಂತ ಹೇಳ್ತಿಲ್ಲ, ಆದರೆ ಸಾಲದ ಅರ್ಜಿ ನೋಡುವಾಗ ವ್ಯಾಲ್ಯುಯೇಷನ್ ಯಾರು ಮಾಡಿಸಿದ್ದು ಅಂತ ನಾವು ನೋಡಲ್ವಾ, ಹಾಗೆ ನೋಡಿದೆ.

ನನ್ನನ್ನು ಒಪ್ಪಿಸಿದ್ದು ತೂಕದ ಅಂಕಿಯಲ್ಲ. ಸರ್ಮೌಂಟ್-1ರಲ್ಲಿ ನನ್ನ ಹಾಗೆ ಶುಗರಿನ ಹೊಸ್ತಿಲಲ್ಲಿ ಇದ್ದ 1,032 ಜನರನ್ನು 176 ವಾರ ನೋಡಿದರು. ಔಷಧಿ ತಗೊಂಡವರಲ್ಲಿ ಶುಗರ್ ಬಂದಿದ್ದು ನೂರಕ್ಕೆ 1.3 ಮಂದಿಗೆ, ತಗೊಳ್ಳದವರಲ್ಲಿ 13.3. ನಮ್ಮ ಅಪ್ಪನ ಕಾಲ್ಬೆರಳು ಶುಗರಿನಿಂದ ಹೋಗಿದ್ದನ್ನು ಕಂಡವಳು ನಾನು. ಆ ಎರಡು ಅಂಕಿ ನೋಡಿದ ಮೇಲೆ ಜಾಸ್ತಿ ಯೋಚನೆ ಮಾಡಲಿಲ್ಲ.

ಇಳಿದ ತೂಕದಲ್ಲಿ ಎಲ್ಲ ಕೊಬ್ಬೇ ಇರುವುದಿಲ್ಲ. ಸ್ಕ್ಯಾನ್ ಮಾಡಿ ನೋಡಿದವರಲ್ಲಿ ಸುಮಾರು ಕಾಲು ಭಾಗ ಮಾಂಸಖಂಡ ಮುಂತಾದ್ದು. ಅದಕ್ಕೇ ಡಾಕ್ಟರ್ ಮೊಟ್ಟೆ, ಕಾಳು, ಮೊಸರು ಜಾಸ್ತಿ ಮಾಡಿಸಿದರು, ಜಿಮ್‌ಗೆ ಹೋಗಿ ಭಾರ ಎತ್ತಿ ಅಂದರು. ಮನೆ ಹತ್ತಿರದ ಒಂದು ಜಿಮ್‌ಗೆ ಸೇರಿದೆ. ಅಲ್ಲಿ ಇನ್ನೊಂದು ಕಥೆ.

ಟ್ರೈನರ್ ಹುಡುಗ ಒಳ್ಳೆಯವನೇ. ಒಂದು ದಿನ ಡಂಬೆಲ್ ಕೊಡುತ್ತಾ ಮೆಲ್ಲಗೆ, "ಅಕ್ಕ, ಮೌಂಜಾರೊ ಹಳೇದಾಯ್ತು. ಈಗ ರೆಟಾ. ಮೂರು ಹಾರ್ಮೋನ್ ಒಂದೇ ಸೂಜೀಲಿ. ಪೌಡರ್ ಬರುತ್ತೆ, ನೀರು ಬೆರೆಸಿ ಹಾಕ್ಕೊಳೋದು, ನಿಮ್ದಕ್ಕಿಂತ ಅರ್ಧ ರೇಟು" ಅಂದ. ಫೋನಿನಲ್ಲಿ ಫೋಟೋ ತೋರಿಸಿದ. ಚಿಕ್ಕ ಶೀಷೆ, ತಳದಲ್ಲಿ ಬಿಳಿ ಪುಡಿ. ಲೇಬಲ್ಲಿನಲ್ಲಿ ಕಂಪನಿ ವಿಳಾಸ ಇಲ್ಲ, ಬ್ಯಾಚ್ ನಂಬರ್ ಇಲ್ಲ. ಫೋಟೋ ದೊಡ್ಡದು ಮಾಡಿ ನೋಡಿದರೆ ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗೆ ಅಲ್ಲ ಅಂತ ಇಂಗ್ಲಿಷಿನಲ್ಲಿ ಇರುವೆ ಗಾತ್ರದ ಅಕ್ಷರ.

ಅವನು ಹೇಳಿದ ಔಷಧಿ ಸುಳ್ಳಲ್ಲ. ರೆಟಾಟ್ರೂಟೈಡ್ ಅಂತ, ಎಲಿ ಲಿಲ್ಲಿಯವರದ್ದೇ. ಜಿಎಲ್‌ಪಿ-1, ಜಿಐಪಿ ಎರಡರ ಜೊತೆ ಗ್ಲೂಕಗಾನ್ ಅನ್ನೋ ಮೂರನೇ ಹಾರ್ಮೋನಿನ ಕೆಲಸವನ್ನೂ ಮಾಡುತ್ತೆ. ಗ್ಲೂಕಗಾನ್ ಮೈ ಸುಡೋ ಶಕ್ತಿಯನ್ನು ಏರಿಸುತ್ತೆ, ಲಿವರಿನ ಕೊಬ್ಬನ್ನು ಕರಗಿಸುತ್ತೆ. ಅಂದರೆ ಒಳಗೆ ಹೋಗೋದು ಕಮ್ಮಿ, ಖರ್ಚಾಗೋದು ಜಾಸ್ತಿ. 2023ರಲ್ಲಿ ಬಂದ ಎರಡನೇ ಹಂತದ ಪರೀಕ್ಷೆಯಲ್ಲಿ ಅತಿ ಹೆಚ್ಚು ಡೋಸ್, 12 ಮಿಲಿಗ್ರಾಂ ತಗೊಂಡವರು 48 ವಾರಕ್ಕೆ ನೂರಕ್ಕೆ 24.2ರಷ್ಟು ಇಳಿಸಿದ್ದರು. ಔಷಧಿ ಇಲ್ಲದವರು 2.1. ಬೆರಗಾಗೋ ಅಂಕಿ, ನಾನೂ ಎರಡು ಸಲ ಓದಿದೆ. ಆದರೆ ಆ ಪರೀಕ್ಷೆಯಲ್ಲಿ ಇದ್ದವರು ಒಟ್ಟು 338 ಜನ. ಸಾವಿರಕ್ಕೆ ಒಬ್ಬರಿಗೆ ಆಗೋ ಅನಾಹುತ 338 ಜನರಲ್ಲಿ ಕಾಣದೇ ಇರೋ ಸಾಧ್ಯತೆಯೇ ಜಾಸ್ತಿ. ಎದೆಬಡಿತ ಏರಿದ್ದು ಅಲ್ಲೇ ಕಂಡಿತ್ತು, 24 ವಾರದವರೆಗೆ ಏರಿ ಆಮೇಲೆ ಇಳಿಯಿತಂತೆ. ಅದಕ್ಕೇ ಸಾವಿರಾರು ಜನರ ಮೂರನೇ ಹಂತ ಅಂತ ಇರೋದು. ಅವನು ನನಗೆ ಹೇಳಿದ ಹೊತ್ತಿಗೆ ಯಾವ ದೇಶದಲ್ಲೂ ಅದನ್ನು ಮಾರೋಕೆ ಒಪ್ಪಿಗೆ ಇರಲಿಲ್ಲ. ಹಾಗಾದರೆ ಮಂಡ್ಯದ ಜಿಮ್‌ಗೆ ಬಂದಿರೋ ಪುಡಿಯಲ್ಲಿ ಏನಿದೆ? ರೆಟಾ ಇರಬಹುದು, ಸೀಮೆಸುಣ್ಣ ಇರಬಹುದು.

ಹಸಿವು ಕಮ್ಮಿ ಮಾಡೋ ಔಷಧಿಗಳ ಚರಿತ್ರೆ ಅಷ್ಟು ಚೆನ್ನಾಗಿಲ್ಲ ಅನ್ನೋದು ಆ ಹುಡುಗನ ವಯಸ್ಸಿನವರಿಗೆ ಗೊತ್ತಿರಲ್ಲ. ಫೆನ್-ಫೆನ್ ಅಂತ ಅಮೆರಿಕದಲ್ಲಿ ಲಕ್ಷಾಂತರ ಜನ ನುಂಗಿದರು, ಹೃದಯದ ಕವಾಟ ಕೆಡುತ್ತೆ ಅಂತ ಗೊತ್ತಾಗಿ 1997ರಲ್ಲಿ ಅದರ ಮುಖ್ಯ ಭಾಗವನ್ನು ವಾಪಸ್ ತಗೊಂಡರು. ರಿಮೊನಬಂಟ್ ತಗೊಂಡವರಿಗೆ ಖಿನ್ನತೆ ಬಂದು 2008ರಲ್ಲಿ ಯುರೋಪಿನಲ್ಲಿ ನಿಂತಿತು. ಸಿಬುಟ್ರಮೈನ್ 2010ರಲ್ಲಿ ಹೋಯಿತು, ಹೃದಯದ ಕಾರಣಕ್ಕೇ. ಮೊನ್ನೆ ಮೊನ್ನೆ, 2025ರ ಏಪ್ರಿಲ್‌ನಲ್ಲಿ, ಫೈಜರ್ ಕಂಪನಿ ಡನುಗ್ಲಿಪ್ರಾನ್ ಅನ್ನೋ ಜಿಎಲ್‌ಪಿ-1 ಮಾತ್ರೆಯ ಕೆಲಸವನ್ನೇ ಕೈಬಿಟ್ಟಿತು. ಪರೀಕ್ಷೆಯಲ್ಲಿದ್ದ ಒಬ್ಬರಿಗೆ ಔಷಧಿಯಿಂದಲೇ ಇರಬಹುದು ಅನ್ನೋ ಥರ ಲಿವರ್ ತೊಂದರೆ ಕಂಡಿತ್ತು, ಔಷಧಿ ನಿಲ್ಲಿಸಿದ ಮೇಲೆ ಸರಿಹೋಯಿತು. ಒಬ್ಬರಿಗೆ! ಅಷ್ಟು ದುಡ್ಡು ಹಾಕಿದವರೇ ಒಬ್ಬರನ್ನು ನೋಡಿ ನಿಲ್ಲಿಸುತ್ತಾರೆ, ನಾವು ವಿಳಾಸವಿಲ್ಲದ ಪುಡಿಗೆ ನೀರು ಬೆರೆಸಿ ಹೊಟ್ಟೆಗೆ ಚುಚ್ಚಿಕೊಳ್ಳೋಣ ಅಂತ. ಹುಡುಗನಿಗೆ ಇದನ್ನೆಲ್ಲ ಹೇಳಿದೆ. "ಸರಿ ಅಕ್ಕ, ಇನ್ನೊಂದು ಸೆಟ್ ಹೊಡೀರಿ" ಅಂದ.

ನನ್ನ ತೂಕ ಈಗ 78. ಎಚ್‌ಬಿಎ1ಸಿ 5.6. ಮಂಡಿ ಪೂರ್ತಿ ಸರಿಹೋಗಿಲ್ಲ, ಆದರೆ ಚಾಮುಂಡಿ ಬೆಟ್ಟದ ಮೆಟ್ಟಿಲು ನಂದಿವರೆಗೆ ಹತ್ತಿದೆ. ಕೂದಲು ಸ್ವಲ್ಪ ಉದುರಿತು. ಮುಖ ಸೊರಗಿದೆ ಅಂತ ನೆಂಟರೆಲ್ಲ ಹೇಳುತ್ತಾರೆ, ದಪ್ಪಗಿದ್ದಾಗ ದಪ್ಪ ಅಂದವರೂ ಅವರೇ.

ಉಳಿದಿರೋದು ದುಡ್ಡಿನ ಮಾತು. ನಾನು ಶುರು ಮಾಡಿದಾಗ 2.5ರ ಶೀಷೆಗೆ 3,500 ರೂಪಾಯಿ, 5ರದ್ದಕ್ಕೆ 4,375. ನಾಲ್ಕು ಶೀಷೆಗೆ ತಿಂಗಳಿಗೆ 17,500. ನನ್ನ ಇನ್ಶೂರೆನ್ಸ್ ಒಂದು ರೂಪಾಯಿ ಕೊಡಲ್ಲ. ನಮ್ಮನೆಯವರು ಕೇಳಿದರು, "ಅಲ್ಲ ಕಣೆ, ಇದು ಎಷ್ಟು ದಿನ? ತೂಕ ಇಳಿದ ಮೇಲೆ ನಿಲ್ಲಿಸಬಹುದು ತಾನೇ?" ನ್ಯಾಯವಾದ ಪ್ರಶ್ನೆ. ಇದನ್ನೂ ಪರೀಕ್ಷೆ ಮಾಡಿದ್ದಾರೆ, ಸರ್ಮೌಂಟ್-4 ಅಂತ. ಎಲ್ಲರಿಗೂ 36 ವಾರ ಔಷಧಿ ಕೊಟ್ಟು, ಸರಾಸರಿ ನೂರಕ್ಕೆ 20.9 ಇಳಿದ ಮೇಲೆ, ಅರ್ಧ ಜನಕ್ಕೆ ಹೇಳದೆ ಖಾಲಿ ಸೂಜಿ ಕೊಟ್ಟರು. ಔಷಧಿ ಮುಂದುವರಿಸಿದವರು ಅಲ್ಲಿಂದ ಇನ್ನೂ 5.5 ಇಳಿದರು. ಖಾಲಿ ಸೂಜಿಯವರು ಒಂದು ವರ್ಷದಲ್ಲಿ 14ರಷ್ಟು ವಾಪಸ್ ಏರಿದರು. ಸೆಮಗ್ಲುಟೈಡ್ ನಿಲ್ಲಿಸಿದವರೂ ಇಳಿದಿದ್ದರಲ್ಲಿ ಮೂರರಲ್ಲಿ ಎರಡು ಭಾಗವನ್ನು ಒಂದು ವರ್ಷದಲ್ಲಿ ಗಳಿಸಿಕೊಂಡಿದ್ದರು. ಬಿಪಿ ಮಾತ್ರೆ ನಿಲ್ಲಿಸಿದರೆ ಬಿಪಿ ಏರುತ್ತೆ, ಅದಕ್ಕೆ ಯಾರೂ ರೋಗಿಯನ್ನು ಬೈಯಲ್ಲ. ತೂಕಕ್ಕೆ ಮಾತ್ರ ಬೈಯುತ್ತಾರೆ.

ಹಾಗಾಗಿ ಇದನ್ನು ಬರೆಯೋ ಹೊತ್ತಿಗೆ, ಅಂದರೆ 2026ರ ಮಾರ್ಚಿಗೆ ಮುಂಚೆ, ನಮ್ಮ ಮನೆಯಲ್ಲಿ ನಡೀತಿರೋ ಚರ್ಚೆ ಏನಂದರೆ, ಆ ಮಾರ್ಚಿಗೆ ಸೆಮಗ್ಲುಟೈಡ್‌ನ ಪೇಟೆಂಟ್ ಭಾರತದಲ್ಲಿ ಮುಗಿಯುತ್ತೆ, ನಮ್ಮ ದೇಶದ ಕಂಪನಿಗಳು ಅದನ್ನು ಮಾಡೋಕೆ ಸಾಲಾಗಿ ನಿಂತಿವೆ, ಬೆಲೆ ಇಳಿಯುತ್ತೆ. ಆಗ ಬದಲಾಯಿಸೋದಾ? ಎರಡನ್ನೂ ಎದುರುಬದುರು ನಿಲ್ಲಿಸಿದ ಪರೀಕ್ಷೆಯಲ್ಲಿ ಟಿರ್ಜೆಪಟೈಡ್‌ಗೆ ನೂರಕ್ಕೆ 20.2 ಇಳಿದರೆ ಸೆಮಗ್ಲುಟೈಡ್‌ಗೆ 13.7. ಆದರೆ ಹೃದಯದ ವಿಷಯದಲ್ಲಿ ಸೆಮಗ್ಲುಟೈಡ್ ಹತ್ತಿರ ಗಟ್ಟಿ ದಾಖಲೆ ಇದೆ: ಮೊದಲೇ ಹೃದಯದ ಕಾಯಿಲೆ ಇದ್ದ, ಶುಗರ್ ಇಲ್ಲದ 17,604 ಜನರಲ್ಲಿ ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು, ಹೃದಯದಿಂದ ಸಾವು ಸೇರಿ ಐದನೇ ಒಂದು ಭಾಗ ಕಮ್ಮಿಯಾಗಿತ್ತು. ಡಾಕ್ಟರನ್ನು ಕೇಳಿದೆ. ಬೆಲೆ ಇಳಿದ ಮೇಲೆ ಬನ್ನಿ, ನಾನು ಹೇಳಿದ ಕಂಪನಿಯದ್ದನ್ನೇ ತಗೊಳ್ಳಿ, ಅಲ್ಲಿವರೆಗೆ 5ರಲ್ಲೇ ಇರಿ, ಏರಿಸೋದು ಬೇಡ ಅಂದರು. ನಮ್ಮನೆಯವರು ಕ್ಯಾಲೆಂಡರಿನಲ್ಲಿ ಮಾರ್ಚ್ ತಿಂಗಳ ಮೇಲೆ ಪೆನ್ನಿನಿಂದ ಗೀಟು ಹಾಕಿದ್ದಾರೆ.